ಹೆಸರು ಕಿತ್ತ ಫ್ಲಾಪಿಗಳು

ನೀಲಾಂಬಿಕ ಮದುವೆಯಾಗಿ ಶಿಕಾರಿಪುರದ ಮನೆಗೆ ಬಂದಾಗ ಅಲ್ಲಿನ ಪಾತ್ರೆಗಳಿಗೆಲ್ಲ ಒಂದೊಂದು ಗಾಯವಿತ್ತು. ತಟ್ಟೆಯಾಗಲಿ, ಲೋಟವಾಗಲಿ, ಹಾಲಿನ ಕ್ಯಾನಾಗಲಿ, ಹೆಸರು ಕೊರೆಸುವ ಜಾಗದಲ್ಲಿ ಯಾರೋ ಅರ ಹಿಡಿದು ಉಜ್ಜಿ ಉಜ್ಜಿ ಮಂಕು ಮಾಡಿದ ಪಟ್ಟಿ. ನಡುಮನೆಯ ಗೋಡೆಯಲ್ಲಿ ಫೋಟೋ ಇದ್ದ ಚೌಕ, ಸುತ್ತಲಿನ ಸುಣ್ಣಕ್ಕಿಂತ ಬೆಳ್ಳಗೆ. ಯಾರದೆಂದು ಕೇಳಬೇಕಾಗಿರಲಿಲ್ಲ. ತವರೂರು ಜಡೆಯಲ್ಲಿ ಹೆಣ್ಣು ನೋಡಲು ಬಂದ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಹುಡುಗ ರೇಣುಕಾಪ್ರಸಾದನಿಗೆ ಇದು ಎರಡನೆಯ ಸಂಬಂಧ. ಮೊದಲಿನವಳು ಚೈತ್ರಶ್ರೀ. ಕಾಮಾಲೆಯಾಗಿ ಹೋದಳು, ಮಕ್ಕಳಿಲ್ಲ.

ಅರ ಹಿಡಿದವರು ಅತ್ತೆ ಬಸವಣ್ಣೆಮ್ಮ. ಮದುವೆ ಗೊತ್ತಾದದ್ದೇ ತಡ, ಹಿತ್ತಲ ಕಲ್ಲಿನ ಮೇಲೆ ಕೂತು ಹೋದ ಸೊಸೆಯ ಹೆಸರನ್ನು ಪಾತ್ರೆಪಾತ್ರೆಯಿಂದ ಅಳಿಸಿದ್ದರಂತೆ.

“ಸತ್ತೋರ ಹೆಸರು ಮನಿಯಾಗ ಇಟ್ಕೋಬಾರ್ದವ್ವ,” ಎಂದು ಮೊದಲ ವಾರವೇ ಹೇಳಿದರು. “ಹೆಸರು ಕಂಡಲ್ಲಿ ಜೀವ ಬಂದು ಕುಂದರ್ತೈತಿ. ನಿನಗೂ ಅಷ್ಟೆ, ಕೈಯಿಟ್ಟಲ್ಲೆಲ್ಲ ಇನ್ನೊಬ್ಬಾಕಿ ಹೆಸರು ತಾಗೋದು ಬ್ಯಾಡ.”

ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಆದರೆ ಏನು ಹೇಳೋಣ, ಹೆಸರು ಹೋದ ಮನೆಯಲ್ಲಿ ಆಕೆ ಇನ್ನೂ ಹೆಚ್ಚಾಗಿ ಓಡಾಡತೊಡಗಿದ್ದಳು. ಹೆಸರಿದ್ದಿದ್ದರೆ ಅವಳದು ಇಂತಿಷ್ಟು ತಟ್ಟೆ, ಇಂತಿಷ್ಟು ಲೋಟ ಎಂದು ಮುಗಿಯುತ್ತಿತ್ತು. ಈಗ ಮಂಕಾದದ್ದೆಲ್ಲ ಅವಳದೇ. ಒಗ್ಗರಣೆ ಸೌಟು ಹಿಡಿದಾಗ, ಬಾಗಿಲ ಅಗಳಿ ಹಾಕಿದಾಗ, ಇನ್ನೊಂದು ಕೈ ಈಗಷ್ಟೇ ಬಿಟ್ಟುಹೋದ ಬಿಸಿ ಅಲ್ಲಿ ಉಳಿದಿದೆಯೆಂದು ನೀಲಾಂಬಿಕಳಿಗೆ ಅನಿಸುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅನಿಸುತ್ತಿದ್ದುದು ಅಂಗಡಿಯಲ್ಲಿ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರೇಣುಕಾಪ್ರಸಾದನ ಕಂಪ್ಯೂಟರ್ ಸೆಂಟರ್. ಆಗಿನ್ನೂ ತೊಂಬತ್ತಾರನೇ ಇಸವಿ. ಊರಿಗೆ ಕಂಪ್ಯೂಟರೆಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ವಸ್ತು. ರೇಣುಕಾಪ್ರಸಾದ ಮೆಷಿನ್ನು ಮಾರುವವನು, ರಿಪೇರಿ ಮಾಡುವವನು. ಪ್ರೋಗ್ರಾಮು ಬರೆಯುವುದು ಹೆಂಡತಿಯ ಕೆಲಸ. ಮೊದಲು ಚೈತ್ರಶ್ರೀ, ಈಗ ಶಿವಮೊಗ್ಗದಲ್ಲಿ ಡಿಪ್ಲೊಮಾ ಮುಗಿಸಿ ಬಂದಿದ್ದ ನೀಲಾಂಬಿಕ. ಅದೇ ಕುರ್ಚಿ, ಅದೇ ಕೀಲಿಮಣೆ. ಕೆಲವು ಕೀಲಿಗಳ ಅಕ್ಷರ ಸವೆದು ಬೋಳಾಗಿತ್ತು, ಸವೆದದ್ದು ಇವಳ ಬೆರಳಿಗಲ್ಲ.

ಚೈತ್ರಶ್ರೀ ಬರೆದಿಟ್ಟುಹೋದ ಪ್ರೋಗ್ರಾಮುಗಳಲ್ಲಿ ಒಂದಕ್ಕೆ ಸುತ್ತಲೂ ಹೆಸರಿತ್ತು. ಮಾತ್ರೆಯ ಪೊಟ್ಟಣದ ಮೇಲೆ ಅಂಟಿಸುವ ಚೀಟಿಯನ್ನು ಅದು ಕನ್ನಡದಲ್ಲಿ ಅಚ್ಚು ಹಾಕುತ್ತಿತ್ತು: ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೆಯೋ. ಶಿಕಾರಿಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಅದು ನಡೆಯುತ್ತಿತ್ತು, ಸೊರಬದಲ್ಲಿ ಚಂದ್ರಶೇಖರಪ್ಪನವರ ಔಷಧಿ ಅಂಗಡಿಯಲ್ಲಿ ನಡೆಯುತ್ತಿತ್ತು. ಡಾಕ್ಟರ ಕೋಳಿಕಾಲು ಅಕ್ಷರ ಬಿಡಿಸಲಾಗದ ಮಂದಿಗೆ ಆ ಚೀಟಿ ವೇದವಾಕ್ಯ.

ಕನ್ನಡ ಅಕ್ಷರವನ್ನು ಪ್ರಿಂಟರಿನಲ್ಲಿ ಮೂಡಿಸುವ ವಿದ್ಯೆ ಮಾತ್ರ ಚೈತ್ರಶ್ರೀಯದಲ್ಲ. ಅದನ್ನು ಬೆಂಗಳೂರಿನ ಒಂದು ಸಣ್ಣ ಕಂಪನಿ ಬರೆದು ‘ಬಿಂದುಲಿಪಿ’ ಎಂದು ಹೆಸರಿಟ್ಟು ಫ್ಲಾಪಿಯಲ್ಲಿ ಮಾರುತ್ತಿತ್ತು. ಇಂಥದಕ್ಕೆ ಲೈಬ್ರರಿ ಎನ್ನುತ್ತಾರೆ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು ನಮ್ಮ ಹಾಲಿಗೆ ಬೆರೆಸುತ್ತೇವಲ್ಲ, ಹಾಗೆ. ಪ್ರೋಗ್ರಾಮು ನಮ್ಮದು, ಹೆಪ್ಪು ಅವರದು. ಪ್ರೋಗ್ರಾಮನ್ನು ಹೊಸದಾಗಿ ಕಟ್ಟುವಾಗಲೆಲ್ಲ ಆ ಹೆಪ್ಪನ್ನು ಹೆಸರು ಹಿಡಿದು ಕರೆಯಬೇಕು. ಕರೆದರೆ ಅದು ಬಂದು ಸೇರಿಕೊಳ್ಳುತ್ತದೆ.

ಆ ದಸರಾ ಕಳೆದ ಮೇಲೆ ನರ್ಸಿಂಗ್ ಹೋಮಿನವರು, ನಮ್ಮ ಫೋನ್ ನಂಬರು ಬದಲಾಗಿದೆ, ಚೀಟಿಯ ತಲೆಯಲ್ಲಿ ಹೊಸದು ಬರಲಿ ಎಂದರು. ಪುಟ್ಟ ಕೆಲಸ. ನೀಲಾಂಬಿಕ ನಂಬರು ತಿದ್ದಿದಳು. ಹೆಪ್ಪಿಗಾಗಿ ಮೇಜಿನ ಖಾನೆ ತೆಗೆದಾಗ ಅಲ್ಲಿ ಬೋಳು ಮೈಯ ಎರಡು ಫ್ಲಾಪಿ. ಎರಡರಲ್ಲೂ ಬಿಂದುಲಿಪಿ. ಎರಡರ ಒಳಗೂ ಅದೇ ಹೆಸರು, ಅದೇ ೨.೧ ಎಂಬ ನಂಬರು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಇಟ್ಟ ಜೋಡಿಯಿರಬೇಕೆಂದುಕೊಂಡು ಕೈಗೆ ಸಿಕ್ಕಿದ್ದನ್ನು ಹಾಕಿದಳು. ಪ್ರೋಗ್ರಾಮು ಗೊಣಗಲಿಲ್ಲ. ಪರೀಕ್ಷೆಗೆಂದು ‘ಬೆಳಿಗ್ಗೆ ೧, ರಾತ್ರಿ ೨’ ಎಂದು ಅಚ್ಚು ಹಾಕಿ ನೋಡಿದಳು. ಮುತ್ತಿನಂಥ ಅಕ್ಷರ. ತಾನೇ ಹೋಗಿ ನರ್ಸಿಂಗ್ ಹೋಮಿನ ಮೆಷಿನ್ನಿಗೆ ಹಾಕಿಕೊಟ್ಟು ಬಂದಳು.

ದೀಪಾವಳಿ ಹತ್ತಿರವಾಗಿತ್ತು. ಬಸವಣ್ಣೆಮ್ಮ ತಂಗಿಯ ಮನೆಗೆಂದು ಸೊರಬಕ್ಕೆ ಹೋದವರು, ಉಳಿದುಕೊಳ್ಳುತ್ತೇನೆಂದಿದ್ದವರು, ಮರುದಿನ ಬೆಳಗಿನ ಬಸ್ಸಿಗೇ ವಾಪಸು ಬಂದುಬಿಟ್ಟರು. ಮನೆಗೂ ಹೋಗದೆ ನೇರ ಅಂಗಡಿಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತರು. ರೇಣುಕಾಪ್ರಸಾದ ಪ್ರಿಂಟರಿನ ಬಿಡಿಭಾಗ ತರಲು ದಾವಣಗೆರೆಗೆ ಹೋಗಿದ್ದ.

“ನೀಲಾ, ಆಕಿ ಸೊರಬದಾಗ ಅದಾಳ.”

“ಯಾರತ್ತೆ?”

ಬಸವಣ್ಣೆಮ್ಮ ಹೆಸರು ಹೇಳಲಿಲ್ಲ. ಬಿ.ಪಿ. ಮಾತ್ರೆಯ ಪೊಟ್ಟಣವೊಂದನ್ನು ಸೊಂಟದಿಂದ ತೆಗೆದು ಮೇಜಿನ ಮೇಲಿಟ್ಟರು. ಚಂದ್ರಶೇಖರಪ್ಪನವರ ಅಂಗಡಿಯ ಚೀಟಿ. ‘ರಾತ್ರಿ ಊಟದ ನಂತರ ಅರ್ಧ.’

“ಆ ಅ ನೋಡು. ಬಾಲ ನೋಡು ಅದರದು.”

ಉಳಿದ ಅಕ್ಷರಗಳೆಲ್ಲ ಅಚ್ಚಿನವು. ‘ಅರ್ಧ’ ಎಂಬುದೊಂದು ಮಾತ್ರ ಯಾರೋ ಕೈಯಿಂದ ಬರೆದಂತಿತ್ತು. ಅ ಅಕ್ಷರದ ಕೊನೆಯನ್ನು ಕೆಳಕ್ಕೆಳೆದು ಬೆಕ್ಕಿನ ಬಾಲದಂತೆ ಒಳಗೆ ಸುತ್ತಿತ್ತು.

“ನನಗ ಓದು ಕಲಿಸಿದಾಕಿ ಆಕಿನ,” ಎಂದರು ಬಸವಣ್ಣೆಮ್ಮ. “ಈ ವಯಸ್ಸಿನಾಗ ಯಾಕವ್ವ ಅಂದ್ರೂ ಕೇಳ್ಲಿಲ್ಲ. ಹಿಟ್ಟಿನ ಮೊರದಾಗ ಬೆರಳಿಡಿಸಿ ಬರೆಸ್ತಿದ್ಲು. ಇದೇ ಅ. ನನಗ ಬರೋ ಅ ಇದೊಂದ. ಮನಿಯಾಗಿಂದ ಹೆಸರು ತೆಗೆದೆ ಅಂತ ಸಿಟ್ಟಾಗಿ ಸೊರಬಕ್ಕ ಹೋಗಿ ಕುಂತಾಳ.”

ಸತ್ತು ಎರಡು ವರ್ಷವಾದವಳು ನಿನ್ನೆ ಸಂಜೆ ಬರೆದುಕೊಟ್ಟ ಚೀಟಿ ಮೇಜಿನ ಮೇಲಿತ್ತು. ಕೀಲಿಮಣೆಯ ಬೋಳು ಕೀಲಿಗಳತ್ತ ನೋಡಲು ನೀಲಾಂಬಿಕಳಿಗೆ ಭಯವಾಯಿತು. ಆದರೂ ಕೈ ತಾನಾಗಿ ಹೋಯಿತು. ಅದೇ ಮಾತ್ರೆ, ಅದೇ ಅರ್ಧ ಎಂದು ಒತ್ತಿ ಅಚ್ಚು ಹಾಕಿದಳು. ಪ್ರಿಂಟರು ಕಿರುಗುಟ್ಟಿ ಕಾಗದ ಹೊರಗೆ ತಳ್ಳಿತು.

‘ರಾತ್ರಿ ಊಟದ ನಂತರ ೧.’

ಮತ್ತೆ ಒತ್ತಿದಳು. ಮತ್ತೆ ೧.

ದೆವ್ವದ ಭಯ ಅಲ್ಲಿಗೇ ಇಳಿಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ತಣ್ಣಗಿತ್ತು. ಅರ್ಧ ಮಾತ್ರೆ ಯಾರಿಗೆ ಕೊಡುತ್ತಾರೆ? ಮುದುಕರಿಗೆ. ಮಕ್ಕಳಿಗೆ.

ಎರಡು ಫ್ಲಾಪಿಯನ್ನೂ ಬೆಳಕಿಗೆ ಹಿಡಿದಳು. ಎರಡರ ಮೇಲೂ ಗೋಂದಿನ ಜಿಡ್ಡು.

“ಅತ್ತೆ, ಇವುಗಳ ಮೇಲೆ ಚೀಟಿ ಏನಾದ್ರೂ ಅಂಟಿಸಿತ್ತಾ?”

“ಹೂಂ, ಇತ್ತು. ಒಂದರ ಮ್ಯಾಲೆ ಆಕಿ ಹೆಸರಿತ್ತು. ಸೀಮೆಎಣ್ಣಿ ಹಚ್ಚಿ ಕಿತ್ತೆ.”

“ಇನ್ನೊಂದರದು?”

“ಅದರ ಮ್ಯಾಲೆ ಏನೋ ಇಂಗ್ಲೀಷು. ಒಂದು ಕಿತ್ತು ಒಂದು ಬಿಟ್ರ ಚಂದ ಕಾಣಂಗಿಲ್ಲ ಅಂತ ಅದನ್ನೂ ಕಿತ್ತೆ. ಯಾಕ, ಅದರಾಗೇನಿತ್ತು?”

ಅದರಲ್ಲೇನಿತ್ತು ಎಂಬುದು ಎರಡನ್ನೂ ಪಕ್ಕಪಕ್ಕ ತೆರೆದಾಗ ತಿಳಿಯಿತು. ಹೆಸರು ಒಂದೇ, ನಂಬರು ಒಂದೇ, ಆದರೆ ಒಂದರೊಳಗಿನ ಫೈಲು ಇನ್ನೊಂದರದಕ್ಕಿಂತ ತುಸು ದಪ್ಪ. ಕಂಪನಿಯ ಬಿಂದುಲಿಪಿಗೆ ಅರ್ಧವೆಂಬುದೇ ಗೊತ್ತಿರಲಿಲ್ಲ. ಅರ್ಧ ಕಂಡರೆ ಮೇಲಕ್ಕೇರಿಸಿ ಒಂದು ಮಾಡಿಬಿಡುತ್ತಿತ್ತು. ಚೈತ್ರಶ್ರೀ ಅದನ್ನು ಕಂಡುಹಿಡಿದು, ಒಳಗೆ ಕೈಹಾಕಿ, ಚುಕ್ಕಿಚುಕ್ಕಿಯಾಗಿ ತನ್ನ ಕೈಯ ‘ಅರ್ಧ’ವನ್ನು ಬಿಡಿಸಿ ಸೇರಿಸಿದ್ದಳು. ಒಳಗನ್ನು ತಿದ್ದಿದವಳು ಹೊರಗಿನ ಹೆಸರು ಬದಲಿಸಿರಲಿಲ್ಲ. ಆಮೇಲೆ ಮಾಡಿದರಾಯಿತು ಎಂದುಕೊಂಡಿರಬೇಕು. ಆ ಆಮೇಲೆ ಬರುವಷ್ಟರಲ್ಲಿ ಕಾಮಾಲೆ ಬಂದಿತ್ತು. ಇವೆರಡು ಬೇರೆಬೇರೆ ಎಂದು ಲೋಕಕ್ಕೆ ಹೇಳುತ್ತಿದ್ದುದು ಮೇಲಿನ ಆ ಕಾಗದದ ಚೂರು ಒಂದೇ.

ಸೊರಬದ ಮೆಷಿನ್ನಿನಲ್ಲಿ ಚೈತ್ರಶ್ರೀ ಕಟ್ಟಿದ ಹಳೆಯ ಪ್ರೋಗ್ರಾಮು ಹಾಗೇ ಇತ್ತು. ಶಿಕಾರಿಪುರದಲ್ಲಿ ಅವಳನ್ನು ತೆಗೆದುಹಾಕಿದ್ದು ನೀಲಾಂಬಿಕ, ತನಗೇ ತಿಳಿಯದೆ.

ಓಡಿದಳು ನರ್ಸಿಂಗ್ ಹೋಮಿಗೆ, ಹಿಂದೆಯೇ ಬಸವಣ್ಣೆಮ್ಮ. ಡಾಕ್ಟರಮ್ಮ ಕೇಳಿದವರೇ ಸ್ಟೆತಾಸ್ಕೋಪ್ ಕೆಳಗಿಟ್ಟು ಕಂಪೌಂಡರ್ ಹುಚ್ಚರಾಯಪ್ಪನನ್ನು ಕೂಗಿದರು. ಹುಚ್ಚರಾಯಪ್ಪ ಕಣ್ಣುಮುಚ್ಚಿ ಮುಖಗಳನ್ನು ನೆನೆದ. ಊರೊಳಗಿನ ಮುದುಕರಿಬ್ಬರು ಹಳೆಯ ರೂಢಿಯವರು, ಚೀಟಿ ನೋಡುವವರೇ ಅಲ್ಲ. ಅವರ ಮನೆಗೆ ಆಗಲೇ ಆಳು ಹೋಯಿತು. ಆಮೇಲೆ ಹುಚ್ಚರಾಯಪ್ಪ ಕಣ್ಣುಬಿಟ್ಟ.

“ಸೊರಬದ ಕಡೆ ಹೊಸಬಾಳೆ ಊರಿನ ಕೂಸು ಐತಲ್ರೀ ಮೇಡಂ. ಫಿಟ್ಸಿಂದು. ಗುಡ್ಡಮ್ಮನ ಮೊಮ್ಮಗಳು.”

ಡಾಕ್ಟರಮ್ಮ ಎದ್ದು ನಿಂತರು. ನಾಲ್ಕು ವರ್ಷದ ಮಾಲಾ. ನಿದ್ದೆ ತರಿಸುವ ಮಾತ್ರೆ ಅದು. “ಅವರ ಮನೆಯಲ್ಲಿ ಫೋನಿಲ್ಲ. ಈಗಲೇ ಹೋಗಬೇಕು ನೀವು. ಮಗುವನ್ನು ಸೊರಬದ ಆಸ್ಪತ್ರೆಗೆ ಸೇರಿಸಿ, ನಾನು ಅಲ್ಲಿಗೆ ಫೋನ್ ಮಾಡಿರ್ತೀನಿ. ನೀವಾಗಿ ಮಾತ್ರೆ ಪೂರ್ತಿ ನಿಲ್ಲಿಸೋಕೆ ಹೇಳಬೇಡಿ, ಅದೂ ಅಪಾಯ. ಅಲ್ಲಿನ ಡಾಕ್ಟ್ರು ನೋಡಿ ಹೇಳ್ತಾರೆ.”

ಬಸ್‌ಸ್ಟ್ಯಾಂಡಿಗೆ ಬಂದರೆ ಬಸವಣ್ಣೆಮ್ಮ ಆಗಲೇ ಸೊರಬದ ಬಸ್ಸಿನಲ್ಲಿ ಕೂತಿದ್ದರು. ಬೆಳಿಗ್ಗೆ ಅವರು ಇಳಿದ ಬಸ್ಸೇ ಅದು.

“ನೀವ್ಯಾಕತ್ತೆ?”

“ಚೀಟಿ ಕಿತ್ತಾಕಿ ನಾನಲ್ಲೇನ? ಸುಮ್ನ ಕುಂದ್ರು.”

ಮೂವರ ಸೀಟು. ಅತ್ತೆ ಕಿಟಕಿಗೆ ಒತ್ತಿಕೊಂಡಿದ್ದರು, ನೀಲಾಂಬಿಕ ಈಚೆ ತುದಿಯಲ್ಲಿದ್ದಳು. ನಡುವೆ ಜಾಗ ಬಿಟ್ಟಿರುವುದು ಇಬ್ಬರಿಗೂ ಅರಿವಿರಲಿಲ್ಲ. ಶಿರಾಳಕೊಪ್ಪದಲ್ಲಿ ಜನ ನುಗ್ಗಿದಾಗ ಕಂಡಕ್ಟರು ಕೇಳಿದ, “ಇಲ್ಲಿ ಯಾರಾದ್ರೂ ಅದಾರೇನ್ರೀ?”

“ಅದಾರಪ್ಪ,” ಎಂದರು ಬಸವಣ್ಣೆಮ್ಮ, ಅವನ ಮುಖವನ್ನೂ ನೋಡದೆ.

ಕಂಡಕ್ಟರು ಖಾಲಿ ಜಾಗವನ್ನೊಮ್ಮೆ, ಇಬ್ಬರು ಹೆಂಗಸರನ್ನೊಮ್ಮೆ ನೋಡಿ ಮುಂದೆ ಹೋದ. ಬಸ್ಸು ತಿರುವಿನಲ್ಲಿ ವಾಲಿದಾಗ ನೀಲಾಂಬಿಕ ಆ ಜಾಗಕ್ಕೆ ತನ್ನ ಮೈ ತಾಗದಂತೆ ಕಂಬಿ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಬಸವಣ್ಣೆಮ್ಮ ಕೇಳಿದರು. “ಹಂಗಾರ ಇದು ಆಕಿ ಕೆಲ್ಸ ಅಲ್ಲ?”

“ಅಲ್ಲತ್ತೆ. ಅವರು ಮಾಡಿದ್ದು ಸರಿಯಾಗಿತ್ತು. ಅವರನ್ನ ಗುರ್ತು ಹಿಡಿಯೋಕೆ ಆಗಲಿಲ್ಲ ನಂಗೆ.”

“ಗುರ್ತು ನಾನು ಉಳಿಸಿದ್ರ ತಾನ,” ಎಂದು ಮುದುಕಿ ಕಿಟಕಿಯಾಚೆ ತಿರುಗಿದರು.

ಸೊರಬದಲ್ಲಿ ಬಸ್ಸು ಬದಲಿಸಿ ಹೊಸಬಾಳೆ ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. ಗುಡ್ಡಮ್ಮನ ಮನೆ ಕೇಳಬೇಕಾಗಲಿಲ್ಲ. ಬಾಗಿಲಲ್ಲಿ ಜನ ನೆರೆದಿದ್ದರು. ನೀಲಾಂಬಿಕ ಅಲ್ಲೇ ನಿಂತಳು. ಜನ ನೆರೆಯುವುದು ಯಾವಾಗ ಎಂಬುದು ಯಾರಿಗೆ ಗೊತ್ತಿಲ್ಲ? ಆದರೆ ಒಳಗಿನಿಂದ ಅಳು ಕೇಳಿಸಲಿಲ್ಲ, ಗದರುವ ದನಿ ಕೇಳಿಸಿತು. ಜನರನ್ನು ಸರಿಸಿಕೊಂಡು ಹೊಸಿಲವರೆಗೆ ಹೋದಳು.

ಚಾಪೆಯ ಮೇಲೆ ಮಗು ಕತ್ತು ಒಂದು ಕಡೆಗೆ ಬಿಟ್ಟು ಮಲಗಿತ್ತು. ಉಸಿರು ಇತ್ತು, ಎಣ್ಣೆ ತೀರಿದ ದೀಪದ ಹಾಗೆ. ಅಜ್ಜಿ ಗುಡ್ಡಮ್ಮ ಬೇವಿನ ಸೊಪ್ಪಿನಿಂದ ಮಗುವಿನ ಮೈ ನೀವುತ್ತ ಕೂಗುತ್ತಿದ್ದಳು. “ಯಾರೇ ನೀನು? ಯಾವೂರಾಕೆ? ಕೂಸಿಗೆ ಕಣ್ಣು ಬಿಡೋಕೆ ಕೊಡಲ್ವಲ್ಲೇ! ಹೆಸ್ರು ಹೇಳು, ಹೆಸ್ರು ಹೇಳಿ ಬಿಟ್ಟು ಹೋಗು!”

“ನೀಲಾಂಬಿಕ,” ಎಂಬ ದನಿ ಹೊಸಿಲಿನಿಂದ ಬಂತು. “ಶಿಕಾರಿಪುರದಿಂದ ಬಂದೆ.”

ಬೇವಿನ ಸೊಪ್ಪು ಗಾಳಿಯಲ್ಲೇ ನಿಂತಿತು. ನೆರೆದ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಗುಡ್ಡಮ್ಮ ಮೆಲ್ಲಗೆ ತಿರುಗಿ, ಎದುರಿಗಿರುವುದು ಬದುಕಿರುವ ಹೆಣ್ಣೋ ಅಲ್ಲವೋ ತಿಳಿಯದೆ, ಕೇಳಿದಳು. “ಎಂತಕ್ಕೆ ಹಿಡಿದೆ ನಮ್ಮ ಕೂಸನ್ನ?”

“ಚೀಟಿ ತಪ್ಪು ಬಂದಿದೆ ಅಮ್ಮ. ಅರ್ಧ ಅಂತ ಇರಬೇಕಾದಲ್ಲಿ ಒಂದು ಅಂತ ಬಂದಿದೆ. ಆ ಚೀಟಿ ಬರೆಯೋ ಮೆಷಿನ್ನಿಗೆ ಪ್ರೋಗ್ರಾಮು ಹಾಕಿದೋಳು ನಾನು.”

ಮೂಲೆಯಲ್ಲಿ ನಿಂತಿದ್ದ ಮಗುವಿನ ಅಪ್ಪ ಗುತ್ಯಪ್ಪ ಮುಂದೆ ಬಂದ. “ನಾನೇ ಓದಿ ಹೇಳ್ದೆನಲ್ರೀ. ಮೊದ್ಲೆಲ್ಲ ಅರ್ಧ ಮುರೀತಿದ್ವಿ. ಈ ಸಲ ಒಂದು ಅಂತಿತ್ತು. ಡಾಕ್ಟ್ರು ಜಾಸ್ತಿ ಮಾಡಿರ್ಬೇಕು ಅಂದ್ಕಂಡ್ವಿ. ಅಚ್ಚಾಗಿ ಬಂದಿದ್ದು ಸುಳ್ಳಾಗ್ತದಾ ಅಂತ...”

“ಆಮೇಲೆ ನಮ್ಮನ್ನ ಹೊಡಿರಪ್ಪ, ಬಡಿರಿ,” ಎಂದರು ಬಸವಣ್ಣೆಮ್ಮ ಹಿಂದಿನಿಂದ. “ಈಗ ಒಂದು ಗಾಡಿ ನೋಡು.”

ನೆರೆಮನೆಯವರ ಟೆಂಪೋದಲ್ಲಿ ಸೊರಬದ ಆಸ್ಪತ್ರೆಗೆ. ಮಗುವಿನ ತಲೆ ದಾರಿಯುದ್ದಕ್ಕೂ ನೀಲಾಂಬಿಕಳ ತೊಡೆಯ ಮೇಲಿತ್ತು. ಗುಡ್ಡಮ್ಮ ಹಾಗೆಂದು ಹೇಳಿದ್ದಳು: “ಹಿಡಿದಾಕೆ ನೀನು, ನೀನೇ ಹಿಡ್ಕಂಡು ಕೂರು.” ಆಸ್ಪತ್ರೆಯಲ್ಲಿ ಡಾಕ್ಟರು ಕಾದಿದ್ದರು, ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರು. ಇನ್ನು ಕಾಯುವುದು. ಸತ್ತವಳನ್ನು ನೆನೆದು ಹೆದರುತ್ತಿದ್ದ ನೀಲಾಂಬಿಕ ಆ ಹೊತ್ತು ಅವಳನ್ನೇ ಬೇಡಿಕೊಂಡಳು: ಅಕ್ಕಾ, ಈ ಕೂಸಿಗೆ ಅರ್ಧ ಎಂದು ಬರೆದವಳು ನೀನು. ನೀನೇ ಉಳಿಸು.

ಮರುದಿನ ಬೆಳಗಾದ ಮೇಲೆ ಮಾಲಾ ಕಣ್ಣುಬಿಟ್ಟು ಅಪರಿಚಿತ ಮುಖಗಳನ್ನು ಒಂದೊಂದಾಗಿ ನೋಡಿ, “ಅಜ್ಜೀ, ಹಸಿವು,” ಎಂದಿತು. ಗುತ್ಯಪ್ಪ ಹೊರಗೆ ಹೋಗಿ ಕಾಂಪೌಂಡಿಗೆ ಮುಖವಿಟ್ಟು ಅತ್ತ. ಗುಡ್ಡಮ್ಮ ಅಳಲಿಲ್ಲ.

“ಹೆಸ್ರು ಹೇಳಿದ್ದಕ್ಕೆ ಬಿಡ್ತು,” ಎಂದಳು. “ಹೆಸ್ರು ಮುಚ್ಚಿಟ್ಕಂಡ ಗಾಳೀನ ಯಾವ ಬೇವೂ ಬಿಡಿಸಲ್ಲ ನೋಡು.” ಆಮೇಲೆ ಬಸ್ಸಿಗೆ ಹೊರಟವಳನ್ನು ನಿಲ್ಲಿಸಿ ಸೇರಿಸಿದಳು, “ಇನ್ನೊಂದ್ಸಲ ನಮ್ಮನೆಗೆ ಬಂದ್ರೆ ಮಾತ್ರೆ ಸುದ್ದಿ ಹೊತ್ಕಂಡು ಬರಬೇಡ, ಮಾರಾಯ್ತಿ. ಊಟಕ್ಕೆ ಬಾ.”

ನರ್ಸಿಂಗ್ ಹೋಮಿನ ಮೆಷಿನ್ನಿಗೆ ಸರಿಯಾದ ಪ್ರೋಗ್ರಾಮು ಹಾಕಿದ ಮೇಲೆ ನೀಲಾಂಬಿಕ ಹೆಸರಿನ ಕೆಲಸಕ್ಕೆ ಕೂತಳು. ತಿದ್ದಿದ ಬಿಂದುಲಿಪಿಗೆ ಇನ್ನು ಮೇಲೆ ಬಿಂದುಲಿಪಿ ಎಂದಷ್ಟೇ ಹೆಸರಿರಕೂಡದು. ಕಂಪನಿಯ ಹೆಸರು ಮೊದಲು, ಅವರ ನಂಬರು ಅದರ ಹಿಂದೆ, ಆಮೇಲೆ ತಿದ್ದಿದವರು ಯಾರು, ಎಷ್ಟನೆಯ ಸಲ ತಿದ್ದಿದ್ದು. ಚೀಟಿ ಅಂಟಿಸಿದರೆ ಯಾರಾದರೂ ಕಿತ್ತಾರು, ಅದಕ್ಕೆ ಫೈಲಿನ ಮೈಗೇ ಆ ಹೆಸರಿಟ್ಟಳು. ಆಗಿನ ಮೆಷಿನ್ನು ಎಂಟಕ್ಷರಕ್ಕಿಂತ ಉದ್ದದ ಹೆಸರು ಒಪ್ಪುತ್ತಿರಲಿಲ್ಲ. ಆ ಎಂಟರಲ್ಲೇ ಎಲ್ಲರನ್ನೂ ಒತ್ತೊತ್ತಾಗಿ ಕೂರಿಸಿದಳು. ಪ್ರೋಗ್ರಾಮು ಈಗ ಆ ಹೊಸ ಹೆಸರನ್ನೇ ಹಿಡಿದು ಕರೆಯುತ್ತಿತ್ತು. ಕಂಪನಿಯ ಮೂಲ ಫ್ಲಾಪಿಯನ್ನು ಮರೆತು ಹಾಕಿದರೆ, ನಾನು ಕರೆದವಳು ಇವಳಲ್ಲ ಎಂದು ಕಟ್ಟುವ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಕಾಲು ಮಾತ್ರೆಗೂ ಅಕ್ಷರ ಬೇಕೆಂದು ಡಾಕ್ಟರಮ್ಮ ಕೇಳಿದ್ದರು, ಅದನ್ನು ತನ್ನ ಕೈಯಿಂದ ಬಿಡಿಸಿ ಸೇರಿಸಿದಳು. ಪ್ರೋಗ್ರಾಮು ತೆರೆದ ಕೂಡಲೇ ಪರದೆಯ ಮೊದಲ ಸಾಲಿನಲ್ಲಿ ಇಡೀ ವಂಶಾವಳಿ ಬರುವಂತೆ ಮಾಡಿದಳು: ಬಿಂದುಲಿಪಿ ೨.೧, ಚೈತ್ರಶ್ರೀ ೧, ನೀಲಾಂಬಿಕ ೧.

ಬಸವಣ್ಣೆಮ್ಮ ಅಂಗಡಿಗೆ ಬಂದು ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ದಿನಾ ಬೆಳಗ್ಗೆ ಆಕಿ ಹೆಸರಿಂದ ಅಂಗಡಿ ತೆಗಿಯೋದೇನ?”

“ಹೆಸರಿದ್ರೆ ಎಲ್ಲಿದ್ದಾರೆ ಅಂತಾದ್ರೂ ಗೊತ್ತಾಗ್ತದೆ ಅತ್ತೆ. ಇಲ್ಲದಿದ್ರೆ ಎಲ್ಲಾ ಕಡೆ ಇರ್ತಾರೆ.”

ಮುದುಕಿ ಪರದೆಯ ಹತ್ತಿರಕ್ಕೆ ಬಾಗಿದರು. “ಅಕ್ಷರ ಸಣ್ಣದಾತು. ದಪ್ಪ ಮಾಡು,” ಎಂದು ಎದ್ದುಹೋದರು.

ರೇಣುಕಾಪ್ರಸಾದ ಮಾತ್ರ ಆ ಸಾಲಿನತ್ತ ತಿರುಗುತ್ತಿರಲಿಲ್ಲ. ಮೆಷಿನ್ನು ತೆರೆದುಕೊಳ್ಳುವಾಗ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗುತ್ತಿದ್ದ. ಚೈತ್ರಶ್ರೀ ತೀರಿಕೊಂಡ ದಿನದಿಂದ ಆ ಹೆಸರು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ನೀಲಾಂಬಿಕ ಒತ್ತಾಯಿಸಲಿಲ್ಲ. ಗಿರಾಕಿಗಳು, ಇದೇನ್ರೀ ರೈಲಿನಷ್ಟುದ್ದ ಹೆಸರು ಎಂದು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಮುಂದಿನ ವರ್ಷ ಕುಬಟೂರಿನ ಒಂದು ಔಷಧಿ ಅಂಗಡಿಯವರೂ ಆ ಪ್ರೋಗ್ರಾಮು ಹಾಕಿಸಿಕೊಂಡರು. ಒಂದು ಮಧ್ಯಾಹ್ನ ಅಲ್ಲಿಂದ ಫೋನು ಬಂತು. ನೀಲಾಂಬಿಕ ಪ್ರಿಂಟರಿನ ರಿಬ್ಬನ್ ಬಿಚ್ಚಿ ಎರಡೂ ಕೈ ಮಸಿ ಮಾಡಿಕೊಂಡು ಕೂತಿದ್ದಳು. ರೇಣುಕಾಪ್ರಸಾದನೇ ಎತ್ತಿದ.

“ಹೂಂ... ಹೂಂ... ಅರ್ಧ ಮಾತ್ರೆ ಚೀಟಿ ಸರಿಯಾಗಿ ಬರ್ತೈತೋ ಇಲ್ಲೋ ಅಂತ ಅನುಮಾನಾನ? ಹೆದರಬ್ಯಾಡ್ರಿ. ಮೆಷಿನ್ ಆನ್ ಮಾಡ್ರಿ. ಮೊದಲನೇ ಸಾಲಿನಾಗ ಏನ್ ಬರ್ತೈತಿ, ಓದ್ರಿ.”

ಆ ಕಡೆಯವರು ಓದಿರಬೇಕು. ಅವನು ರಿಸೀವರು ಹಿಡಿದು ಸುಮ್ಮನೆ ನಿಂತ. ತಂತಿಯೊಳಗಿಂದ ಹಲೋ, ಹಲೋ ಎಂಬ ಸಣ್ಣ ದನಿ ನೀಲಾಂಬಿಕಳಿಗೂ ಕೇಳಿಸಿತು.

“ಕೇಳಸ್ತು ರೀ,” ಎಂದ ಕಡೆಗೆ. “ಇನ್ನೊಂದ್ಸಲ ಓದ್ರಿ... ಹೂಂ. ಚೈತ್ರಶ್ರೀ.” “ಅದಾಳಲ್ಲ. ಹಂಗಾರ ಸರಿ ಐತಿ.”

ಫೋನಿಟ್ಟ ಮೇಲೂ ಅವನ ತುಟಿ ಇನ್ನೊಮ್ಮೆ ದನಿಯಿಲ್ಲದೆ ಆ ಹೆಸರನ್ನು ಆಡಿತು. ನೀಲಾಂಬಿಕ ತಿರುಗಿ ನೋಡಲಿಲ್ಲ. ಕೈ ಮಸಿಯಾಗಿತ್ತೆಂದು ಪಕ್ಕದ ಖಾಲಿ ಕುರ್ಚಿಯನ್ನು, ಬಂದವಳಿಗೆ ಕೂರಲು ಕೊಡುವಂತೆ, ಕಾಲಿನಿಂದಲೇ ಸ್ವಲ್ಪ ಈಚೆಗೆಳೆದಿಟ್ಟು, ರಿಬ್ಬನ್ ಸುತ್ತತೊಡಗಿದಳು.